ಹಿತಕಾಸುರನೂ ಸಾಕಮ್ಮನ ಸೊಗಡವರೆಯೂ

ಹುಣಸೂರಿನ ಹೊಂಬಾಳಯ್ಯನವರು ತಮ್ಮ ಹೊಸ ಯಂತ್ರಕ್ಕೆ ಹೊದಿಸಿದ್ದ ಹಳೇ ಪಂಚೆಯನ್ನು ಠೀವಿಯಿಂದ ಎಳೆದು ತೆಗೆದಾಗ, ಚಪ್ಪಾಳೆ ತಟ್ಟುವುದಕ್ಕೆ ಎದುರಿಗಿದ್ದವರು ಹೆಂಡತಿ ಸಾಕಮ್ಮ ಒಬ್ಬರೇ. ಅವರ ಎರಡೂ ಕೈಯಲ್ಲಿ ನೆನೆದ ಅವರೆಕಾಳಿನ ದೊಡ್ಡ ಪಾತ್ರೆ ಇತ್ತು. ಹಾಗಾಗಿ ಚಪ್ಪಾಳೆ ಬೀಳಲಿಲ್ಲ.

ಐಟಿಐಯಲ್ಲಿ ಮೂವತ್ತು ವರ್ಷ ಫಿಟ್ಟರ್ ಪಾಠ ಹೇಳಿ ನಿವೃತ್ತರಾದ ಹೊಂಬಾಳಯ್ಯ, ಅಂದಿನಿಂದ ಮನೆಯಲ್ಲಿ ನೆಟ್ಟಗಿದ್ದ ಸಾಮಾನುಗಳನ್ನೆಲ್ಲ ಬಿಚ್ಚುತ್ತ ಬಂದಿದ್ದರು. ಮಿಕ್ಸಿಯ ಮೋಟಾರು, ಸ್ಕೂಟರಿನ ಬ್ಯಾಟರಿ, ಹಳೇ ಮೊಬೈಲಿನ ಕಣ್ಣು, ಮೂರು ಚಕ್ರದ ಸೈಕಲ್ಲಿನ ಗಾಲಿಗಳು ಎಲ್ಲವೂ ಸೇರಿ ಈಗ ಎರಡು ಕೈ, ಹತ್ತು ಬೆರಳಿನ ಯಂತ್ರವಾಗಿದ್ದವು. ತುದಿಗೆ ರಬ್ಬರು, ನೆತ್ತಿಯ ಮೇಲೆ ವಾಸನೆ ಹಿಡಿಯುವ ಒಂದು ತಗಡಿನ ಮೂಗು. ಅವರಿಟ್ಟ ಹೆಸರು ‘ಸ್ವಯಂಚಾಲಿತ ಅವರೆ ಹಿತಕು ಯಂತ್ರ, ಮಾದರಿ ಮೂರು’. ನೆನೆದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವುದು ಅದರ ಕೆಲಸ. ಸಾಕಮ್ಮ ಇಟ್ಟ ಹೆಸರು ಹಿತಕಾಸುರ. ಮಾದರಿ ಒಂದು ಕಾಳನ್ನು ಚಟ್ನಿ ಮಾಡಿತ್ತು, ಮಾದರಿ ಎರಡು ಪಕ್ಕದ ಮನೆಯ ಮಾಳಿಗೆಗೆ ಹಾರಿಸಿತ್ತು.

ಆದರೆ ಈ ಸಲ ಆಟವಾಡುವ ಹಾಗಿರಲಿಲ್ಲ. ಸಾಕಮ್ಮನ ಮಾನದ ಪ್ರಶ್ನೆ ಇತ್ತು. ಹೋದ ವರ್ಷ ಮಗಳ ಅತ್ತೆ ರೇವಮ್ಮ ಇದೇ ಮನೆಯಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ ಉಂಡು, ಕೈ ತೊಳೆದು, ಬೆರಳು ಮೂಸಿ ನೋಡಿಕೊಂಡು, ಸಾರೇನೋ ಚೆನ್ನಾಗಿತ್ತು ಬೀಗ್ತಿಯೋರೆ, ಆದರೆ ಕೈಯಲ್ಲಿ ಸೊಗಡೇ ನಿಲ್ಲಲಿಲ್ಲವಲ್ಲ ಎಂದಿದ್ದರು. ಅದೂ ಹತ್ತು ಜನರ ಮುಂದೆ! ಇಬ್ಬನಿ ಕುಡಿದು ಬೆಳೆದ ಅವರೆಯ ಸೊಗಡು ಉಂಡ ಕೈಯನ್ನು ಸಂಜೆಯವರೆಗೆ ಬಿಡಬಾರದು. ಅದು ಇಲ್ಲವೆಂದರೆ ಸಾರಿನಲ್ಲಿ ಉಪ್ಪಿಲ್ಲ ಎಂದಂತೆಯೇ. ಸಾಕಮ್ಮನಿಗೆ ಅವತ್ತು ಮೈಯೆಲ್ಲ ಉರಿಯಿತು. ಅಂಗಡಿಯ ಕಾಳು ತಂದದ್ದು ತಮ್ಮದೇ ತಪ್ಪು ಎಂದು ಗೊತ್ತಿದ್ದರಿಂದ ಇನ್ನಷ್ಟು ಉರಿಯಿತು.

ಶ್ರಾವಣದಲ್ಲಿ ಗಂಡನ ಗುಜರಿಯನ್ನೆಲ್ಲ ಹಿತ್ತಲಿನಿಂದ ಎತ್ತಿಸಿ ನಾಲ್ಕು ಪಾತಿ ಮಾಡಿ ಅವರೆ ಊರಿದರು. ಬೂದಿ ಎರಚಿದರು, ದಿನಾ ಬೆಳಿಗ್ಗೆ ಹುಳುಗಳನ್ನು ಒಂದೊಂದಾಗಿ ಹೆಕ್ಕಿದರು. ಪುಷ್ಯದ ಇಬ್ಬನಿಗೆ ಕಾಯಿ ಗೊಂಚಲು ಗೊಂಚಲಾಗಿ ತೂಗಿತು. ಕಾಂಪೌಂಡಿನಾಚೆ ಹೋಗುವವರು ನಿಂತು ಮೂಗರಳಿಸಿ, ಯಾರ ಮನೆ ಅವರೆ ಇದು ಎಂದು ಕೇಳುತ್ತಿದ್ದರು. ಸಾಕಮ್ಮ ಬೇಕೆಂದೇ ಆ ಹೊತ್ತಿಗೆ ಗೇಟಿನ ಬಳಿ ಗುಡಿಸುತ್ತಿದ್ದರು. ಇವತ್ತು ಮಧ್ಯಾಹ್ನ ಬೀಗರು ಊಟಕ್ಕೆ ಬರುವವರಿದ್ದರು.

“ಇದು ನಿನ್ ಕೈಯೇ ಕಣೇ,” ಎಂದರು ಹೊಂಬಾಳಯ್ಯ ಯಂತ್ರದ ಬೆನ್ನು ತಟ್ಟುತ್ತ. “ಎಂಟು ದಿನ ನಿನಗೆ ತಂತಿ ಕಟ್ಟಿದ ಕೈಗವಸು ಹಾಕಿ ಹಿತಕಿಸಿದ್ನಲ್ಲ, ನಿನ್ ಬೆರಳು ಮಾಡಿದ್ದೆಲ್ಲ ಕಲ್ತುಕೊಂಡದೆ. ನಿನ್ ಹಿತ್ತಲ ಸೊಗಡೇ ಇದಕ್ಕೆ ಗುರುತು.”

“ಸರಿ, ನಿಲ್ಸೋದು ಹೆಂಗೆ?”

“ನಿನ್ ಕೈಗೆ ಸ್ವಿಚ್ ಇದ್ದದಾ? ಇದಕ್ಕೂ ಇಲ್ಲ. ಸೊಗಡು ಇರೋಗಂಟ ಕೆಲಸ ಮಾಡ್ತದೆ. ಸೊಗಡು ಮುಗೀತು ಅಂದ್ರೆ ತಾನೇ ಕೈ ಕಟ್ಕೊಂಡು ಕೂರ್ತದೆ.”

ಸಾಕಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ತಮ್ಮ ಕೈಯನ್ನು ನೋಡಿ ಯಂತ್ರವೊಂದು ವಿದ್ಯೆ ಕಲಿತಿದೆ ಎಂದರೆ ಸಾಮಾನ್ಯವೇ? ಪಾತ್ರೆಯನ್ನು ಮುಂದಿಟ್ಟರು. ಯಂತ್ರ ಮೂಗೆತ್ತಿ ಮೂಸಿತು, ಬೆರಳು ಮಡಚಿತು. ಪಚಕ್ ಪಚಕ್ ಎಂದು ಸಿಪ್ಪೆ ಒಂದು ಕಡೆ, ಹಸಿರು ಬೇಳೆ ಒಂದು ಕಡೆ! ಮೂರು ಜನ ಮಾತಾಡುತ್ತ ಬೆಳಗೆಲ್ಲ ಮಾಡುವ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಮೊದಲ ಎರಡು ಬೇಳೆ ಮಾತ್ರ ಹೊಂಬಾಳಯ್ಯನವರ ಕನ್ನಡಕಕ್ಕೆ ಬಡಿದವು, ಅದನ್ನು ಅವರು ಲೆಕ್ಕಕ್ಕಿಡಲಿಲ್ಲ.

ಕಾಳು ಮುಗಿಯಿತು, ಯಂತ್ರ ನಿಲ್ಲಲಿಲ್ಲ. ಗಾಲಿ ತಿರುಗಿಸಿಕೊಂಡು ಸೀದಾ ಹೊಂಬಾಳಯ್ಯನವರ ಹತ್ತಿರ ಹೋಯಿತು. ಆಗಷ್ಟೇ ಕಾಳು ಮುಟ್ಟಿದ ಕೈಯಲ್ಲೇ ಅವರು ಜೇಬಿನಿಂದ ಬಿಪಿ ಮಾತ್ರೆಯ ಪಟ್ಟಿ ತೆಗೆದಿದ್ದರು. ಯಂತ್ರ ಪಟ್ಟಿಯನ್ನು ಕಿತ್ತುಕೊಂಡು ಹದಿನೈದು ಮಾತ್ರೆಗಳನ್ನೂ ಒಂದೊಂದಾಗಿ ಹಿತಕಿ ಬೇಳೆಯ ಮೇಲೆ ಉದುರಿಸಿ, ಖಾಲಿ ಪಟ್ಟಿಯನ್ನು ಸಿಪ್ಪೆಯ ಗುಡ್ಡೆಗೆ ಸೇರಿಸಿತು. ಸಾಕಮ್ಮ ಹದಿನೈದನ್ನೂ ಆರಿಸಿ ತೆಗೆದು, ಬೇಳೆಯನ್ನು ನಾಲ್ಕು ನೀರಿನಲ್ಲಿ ತೊಳೆದರು. ಗಂಡನ ಕೈಗೆ ಸೋಪು ಹಾಕಿ ತೊಳೆಸಿ, ಬೇಳೆಗೆ ಮುಚ್ಚಳ ಮುಚ್ಚಿ, ಸಿಪ್ಪೆಯನ್ನು ಹೊರಗೆ ಸುರಿದ ಮೇಲೆ ಯಂತ್ರ ಸುಮ್ಮನಾಯಿತು. ಬೀಗರು ಹೋಗುವ ತನಕ ಅದನ್ನು ಸಾಮಾನಿನ ಕೋಣೆಯಿಂದ ತೆಗೆಯಬಾರದು ಎಂದು ಮಾತು ತೆಗೆದುಕೊಂಡರು. ಹೊಂಬಾಳಯ್ಯ ಮಾತೂ ಕೊಟ್ಟರು.

ಬೀಗರು ಬಂದ ಐದೇ ನಿಮಿಷಕ್ಕೆ ಹೊಂಬಾಳಯ್ಯ ಮಾತು ಮುರಿದು ಯಂತ್ರವನ್ನು ಹೊರಗೆ ತಂದರು. ಬಂದವರಿಗೆ ತಮ್ಮ ಯಂತ್ರ ತೋರಿಸದೆ ಇದ್ದರೆ ಅವರಿಗೆ ಕಾಫಿ ಸೇರುತ್ತಿರಲಿಲ್ಲ.

ಬೀಗರು ಮರಿಗೌಡರು ಆಗ ಹಿತ್ತಲು ನೋಡಿ ಒಳಗೆ ಬರುತ್ತಿದ್ದರು. ಒಂದು ಕಾಯಿ ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸಿ, ತಲೆದೂಗಿ, ಕೈಯನ್ನು ಅಂಗಿಯ ಎದೆಗೆ ಒರೆಸಿಕೊಂಡಿದ್ದರು. ಹಿತಕಾಸುರ ಅವರ ಅಂಗಿಗೆ ಮೂಗು ತಾಗಿಸಿತು. ಮೇಲಿನಿಂದ ಕೆಳಗೆ ಐದು ಗುಂಡಿಗಳನ್ನೂ ಪಚಕ್ ಪಚಕ್ ಎಂದು ಹಿತಕಿ, ಕಾಫಿ ತಟ್ಟೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿತು. ಸಾಕಮ್ಮ ಓಡಿಬಂದು ಗಂಡನ ಶಾಲು ಹೊದಿಸಿದರು. ಮರಿಗೌಡರು ಸನ್ಮಾನವಾದವರಂತೆ ಕೂತರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಿತ್ತಲ ಬೆಳೆ ಎಷ್ಟು ಬಂದೀತು, ಸಾಲದೆ ಹೋದರೆ ಇರಲಿ ಎಂದು ರೇವಮ್ಮ ತಮ್ಮೂರ ಸಂತೆಯಿಂದ ಒಂದು ಚೀಲ ಸುಲಿದ ಅವರೆಕಾಳು ತಂದಿದ್ದರು. ಆ ಮಾತೇ ಸಾಕಮ್ಮನಿಗೆ ಚುರುಕ್ ಎಂದಿತ್ತು. ಯಂತ್ರ ಚೀಲಕ್ಕೆ ಕೈ ಹಾಕಿತು. ಒಂದು ಕಾಳು ಎತ್ತಿ ಮೂಸಿ, ಎಡ ಹೆಗಲಿನ ಮೇಲಿಂದ ಹಿಂದಕ್ಕೆ ಎಸೆಯಿತು. ಇನ್ನೊಂದನ್ನೂ ಎಸೆಯಿತು. ಆಮೇಲೆ ಎರಡೂ ಕೈಯಲ್ಲಿ ಎಸೆಯಿತು. ಒಂದು ಫ್ಯಾನಿಗೆ ಬಡಿದು ಬಂದು ರೇವಮ್ಮನ ಹಣೆಯ ಕುಂಕುಮಕ್ಕೆ ಅಂಟಿತು.

ಹುಳುಕು ಕಾಳನ್ನು ಎಡ ಹೆಗಲ ಮೇಲಿಂದ ಎಸೆಯುವುದು ಸಾಕಮ್ಮನದೇ ಅಭ್ಯಾಸ. ಅಮ್ಮನಿಂದ ಬಂದದ್ದು. ತಮ್ಮದೇ ಕೈ ತಮ್ಮ ಕಣ್ಣೆದುರಿಗೆ ಬೀಗಿತ್ತಿಯ ಕಾಳನ್ನು ಹೀಗೆ ಎಸೆಯುವುದನ್ನು ನೋಡಿ ಅವರಿಗೆ ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಅದರ ನಡುವೆಯೂ, ಯಂತ್ರ ಕಾಳನ್ನು ಸರಿಯಾಗಿಯೇ ಗುರುತಿಸುತ್ತಿದೆ ಎಂದು ಮನಸ್ಸಿನ ಒಂದು ಮೂಲೆಗೆ ಹಿತವಾಗಿತ್ತು. ಆ ಮೂಲೆಗಾಗಿ ಅವರು ತಕ್ಷಣ ನಾಚಿಕೆಪಟ್ಟುಕೊಂಡರು.

ರೇವಮ್ಮ ಹಣೆಯಿಂದ ಕಾಳು ಬಿಡಿಸಿಕೊಂಡರು. “ಮಿಷನ್ನಿಗೆ ಏನ್ ಗೊತ್ತು ಬುಡಿ ಸೊಗಡು,” ಎಂದರು ತಣ್ಣಗೆ. “ಉಂಡು ನಾನೇ ಹೇಳ್ತೀನಿ.”

ಯಂತ್ರವನ್ನು ಸಾಮಾನಿನ ಕೋಣೆಗೆ ತಳ್ಳಿ, ಬಾಗಿಲು ಮುಂದೆ ಮಾಡಿ, ಎಲೆ ಹಾಕಿದರು. ಬಿಸಿ ಮುದ್ದೆ, ಮೇಲೆ ಗಸಗಸೆ ತೆಂಗಿನಕಾಯಿ ಅರೆದ ಹಿತಕಿದ ಬೇಳೆ ಸಾರು, ಬೆಣ್ಣೆಯಂಥ ಬೇಳೆ. ಸಾಕಮ್ಮ ಬಡಿಸುತ್ತ ರೇವಮ್ಮನ ಮುಖವನ್ನೇ ನೋಡುತ್ತಿದ್ದರು. ಆ ಮುಖ ಏನನ್ನೂ ಹೇಳಲಿಲ್ಲ. ಒಂದು ಮುದ್ದೆ ಮುಗಿಯಿತು, ಎರಡನೆಯದೂ ಮುಗಿಯಿತು, ಸಾರು ಮೂರು ಸಲ ಹಾಕಿಸಿಕೊಂಡರು. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದರು.

ತಿರುಗಿದರೆ, ಬಾಗಿಲು ತಳ್ಳಿಕೊಂಡು ಬಂದ ಹಿತಕಾಸುರ ಎದುರಿಗೆ! ಅವರ ಬಲಗೈಯನ್ನು ಮೆಲ್ಲಗೆ ಹಿಡಿದು, ಒಂದೊಂದು ಬೆರಳ ತುದಿಯನ್ನೂ ಒಳಗೆ ಬೇಳೆ ಇದೆಯೇನೋ ಎಂಬಂತೆ ಹಿತಕತೊಡಗಿತು. ನೋವಾಗುತ್ತಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಕೈಯಲ್ಲಿ ಸೊಗಡು ಉಳಿದಿದೆ, ಸೋಪು ಹಾಕಿ ತೊಳೆದರೆ ತಾನೇ ಬಿಡುತ್ತದೆ ಎಂದು ಹೊಂಬಾಳಯ್ಯ ಧೈರ್ಯ ಹೇಳಿದರು. ರೇವಮ್ಮ ಹೇಗೋ ಕೈ ಬಿಡಿಸಿಕೊಂಡು ಸೋಪು ಹಾಕಿ ತೊಳೆದರು. ಯಂತ್ರ ಮೂಸಿ ಮತ್ತೆ ಹಿಡಿಯಿತು. ಸೀಗೆಪುಡಿ ಹಾಕಿ ತಿಕ್ಕಿದರು, ಮತ್ತೆ ಹಿಡಿಯಿತು. ಹುಣಸೆಹಣ್ಣಿನಲ್ಲಿ ಉಜ್ಜಿದರು. ಈ ಸಲ ಯಂತ್ರ ಎಡಗೈಯನ್ನೂ ಹಿಡಿದುಕೊಂಡಿತು.

ರೇವಮ್ಮ ಸಿಕ್ಕಿಬಿದ್ದ ಕೈಗಳತ್ತ ಬಗ್ಗಿ ತಮ್ಮ ಬೆರಳನ್ನು ತಾವೇ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಬಿಗಿದಿದ್ದ ಮುಖ ಸಡಿಲವಾಯಿತು.

“ಬೀಗ್ತಿಯೋರೆ,” ಎಂದರು, “ನಾಲ್ಕು ಸಲ ತೊಳ್ದೆ. ನಿಮ್ಮ ಅವರೆ ಸೊಗಡು ಹೋಗ್ನೇ ಇಲ್ಲ.”

ಹೊಂಬಾಳಯ್ಯ ಸ್ಕ್ರೂಡ್ರೈವರು ಹಿಡಿದು ಓಡಿಬಂದರು. ಬ್ಯಾಟರಿಯ ತಂತಿ ಕಿತ್ತರೆ ಆಯಿತು, ಒಂದೇ ನಿಮಿಷ ಎಂದು ಯಂತ್ರದ ಬೆನ್ನಿಗೆ ಬಗ್ಗಿದರು. ಸಾಕಮ್ಮ ಅವರ ತೋಳು ಹಿಡಿದು ನಿಲ್ಲಿಸಿದರು.

“ಇರಿ, ಏನವಸರ,” ಎಂದರು. “ಮಿಷನ್ ಸದ್ದಿಗೆ ನನಗೆ ಸರಿಯಾಗಿ ಕೇಳಿಸ್ನಿಲ್ಲ. ಬೀಗ್ತಿಯೋರು ಇನ್ನೊಂದ್ಸಲ ಹೇಳ್ಲಿ, ಆಮೇಲೆ ಕೀಳೀರಂತೆ.”