ಎಲೆಕ್ಟ್ರಾನಿಕ್ ಕಲಾವಿದರೂ ತಾಯಲೂರಿನ ಡ್ರಾಯಿಂಗ್ ಮೇಷ್ಟ್ರೂ

ಕಲೆ ಅಂತ ಬರೆದಿರೋ ಯಾವ ಕಾಗದ ಮುಳಬಾಗಿಲು ತಾಲ್ಲೂಕಿಗೆ ಬಂದರೂ ಅದು ಸುತ್ತಿ ಸುತ್ತಿ ಕೊನೆಗೆ ನನ್ನ ತಲೆ ಮೇಲೇ ಬೀಳುತ್ತೆ. ನಾನು ತಾಯಲೂರು ಕಡೆಯ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ರಂಗೋಲಿ ಸ್ಪರ್ಧೆಗೆ ತೀರ್ಪು ಕೊಡೋಕೆ ನಾನು, ಬೀಳ್ಕೊಡುಗೆಗೆ ಥರ್ಮಾಕೋಲಿನಲ್ಲಿ ಅಕ್ಷರ ಕತ್ತರಿಸೋಕೂ ನಾನೇ. ಈ ಸಲ ಬಂದದ್ದು ಎಲೆಕ್ಟ್ರಾನಿಕ್ ಕಲೆಯ ಅಂತರರಾಷ್ಟ್ರೀಯ ಸಮಾವೇಶದ ಕಾಗದ. ಕಂಪ್ಯೂಟರು, ವೈರು, ಬಲ್ಬು, ಸದ್ದು ಇವನ್ನೇ ಬಣ್ಣದ ಹಾಗೆ ಬಳಸೋ ಕಲಾವಿದರು, ಅದರ ಮೇಲೆ ಪುಸ್ತಕ ಬರೆಯೋ ವಿದ್ವಾಂಸರು, ಹತ್ತಾರು ದೇಶದವರು, ಕೋಲಾರದ ಕಾಲೇಜೊಂದರಲ್ಲಿ ಒಂದು ವಾರ. ನೆರವಿಗೆ ಊರಿನವರೊಬ್ಬರು ಬೇಕಂತೆ. ಹೆಡ್ಮಾಸ್ಟರು ಪೂರ್ತಿ ಓದದೆ ನನ್ನ ಕೈಗಿಟ್ಟರು.

ನಾನು ಖುಷಿಯಾಗೇ ಹೋದೆ. ಯಾಕೆ ಅಂತ ಮುಚ್ಚಿಡೋದಿಲ್ಲ. ಇಪ್ಪತ್ತನಾಲ್ಕು ವರ್ಷ ಮಕ್ಕಳ ಕೈಲಿ ಹೂಜಿ, ಬಾಳೆಹಣ್ಣು ಬರೆಸಿದ್ದೇನೆ. ಒಂದು ಸಲವಾದರೂ ಯಾರಾದರೂ ನನ್ನನ್ನ ಕಲಾವಿದ ಅಂತ ವೇದಿಕೆಗೆ ಕರೆಯಲಿ ಅನ್ನೋ ಆಸೆ ಒಳಗೇ ಕೂತಿತ್ತು. ಸಂಘಟಕರು, "ವಾರವೆಲ್ಲ ಓಡಾಡಿಕೊಡಿ ಸಾರ್, ಕೊನೇ ದಿನ ನಿಮ್ಮ ಚಿತ್ರಗಳಿಗೆ ಹತ್ತು ನಿಮಿಷ" ಅಂದರು. ಹೆಂಡತಿಗೆ ಹೇಳಿದೆ. ಹೆಡ್ಮಾಸ್ಟರಿಗೂ ಹೇಳಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ.

ಅರ್ಥವೇನು?

ಮೊದಲನೇ ದಿನ ಒಬ್ಬ ವಿದೇಶಿ ಕಲಾವಿದ ತನ್ನ ಕೃತಿ ತೋರಿಸಿದ. ಫೋನಿನಿಂದ ಕರೆ ಮಾಡಿದರೆ ಅವನ ದೇಶದ ಮನೆಯಲ್ಲಿ ದೀಪ ಹತ್ತುತ್ತೆ. ಪರದೆ ಮೇಲೆ ದೀಪ ಹತ್ತಿದ್ದನ್ನ ನಾವೆಲ್ಲ ಕಂಡೆವು. ಮೂರು ವರ್ಷದ ಕೆಲಸವಂತೆ. ದೂರ, ಒಂಟಿತನ, ಮನುಷ್ಯನ ಹಂಬಲ ಅಂತ ಅರ್ಧ ಗಂಟೆ ವಿವರಿಸಿದ.

ನೋಡೋಕೆ ಅಂತ ಬಂದಿದ್ದ ಯಲ್ದೂರಿನ ಮಾವಿನ ತೋಟದವರೊಬ್ಬರು ಜೇಬಿನಿಂದ ಫೋನ್ ತೆಗೆದು ಒಂದು ನಂಬರು ಒತ್ತಿ ಸ್ಪೀಕರ್‌ಗೆ ಹಾಕಿದರು. "ಮೋಟಾರ್ ಆನ್ ಆಗಿದೆ" ಅಂತ ಹೆಣ್ಣುದನಿ ಬಂತು. ಅವರ ಬೋರ್‌ವೆಲ್ಲಿನ ಪಂಪು. ಕಲಾವಿದ ಬೆರಗಾಗಿ ನನ್ನ ಮೂಲಕ ಕೇಳಿದ, "ನಿಮ್ಮ ಈ ಕೃತಿಯ ಅರ್ಥವೇನು?"

ಅವರು ಯೋಚನೆ ಮಾಡಿ, "ನೀರು ಬರ್ತದೆ" ಅಂದರು.

ನಂಗಲಿಯ ಲಾರಿ

ಮಾರನೇ ದಿನ ಎಲ್ಲರನ್ನೂ ಬಸ್ಸಿನಲ್ಲಿ ನಂಗಲಿ ಕಡೆ ಕರೆದುಕೊಂಡು ಹೋದೆ. ಟೀ ಅಂಗಡಿ ಮುಂದೆ ಒಂದು ಲಾರಿ, ಮೈತುಂಬ ಬಣ್ಣದ ಸೀರಿಯಲ್ ಲೈಟು. ಒಬ್ಬ ಪ್ರೊಫೆಸರು ಅಲ್ಲೇ ಉಪನ್ಯಾಸ ಶುರು ಮಾಡಿದರು. ಇಪ್ಪತ್ತು ಜನ ಲಾರಿ ಸುತ್ತ ನಿಂತು ಪುಸ್ತಕದಲ್ಲಿ ಬರೆದುಕೊಂಡರು, ಫೋಟೊ ಹೊಡೆದರು.

ಡ್ರೈವರು ಟೀ ಬಿಟ್ಟು ಓಡಿಬಂದ. "ಸಾರ್, ಅನ್ನೀ ಕರೆಕ್ಟ್‌ಗಾ ಉನ್ನಾಯಿ, ಎಲ್ಲಾ ಸರಿಯಾಗೈತೆ, ನೋಡ್ಕಳಿ" ಅಂತ ಪರ್ಮಿಟ್ಟು, ಇನ್ಶೂರೆನ್ಸು ಎಲ್ಲಾ ನನ್ನ ಕೈಗೆ ತುರುಕಿದ. ಇವರು ಚೆಕಿಂಗ್‌ನವರಲ್ಲ ಕಣಪ್ಪ, ನಿನ್ನ ಲೈಟನ್ನ ಹೊಗಳ್ತಾ ಇದ್ದಾರೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಲೈಟು ಜಾಸ್ತಿ ಆಯ್ತು ಅಂತ ಹಿಡಿದಿದ್ದಾರೆ ಅನ್ನೋದು ಅವನ ಎಣಿಕೆ. ಪ್ರೊಫೆಸರು ಹೊಗಳಿ ಮುಗಿಸೋಷ್ಟರಲ್ಲಿ ಕೃತಿಯನ್ನ ಅರ್ಧ ಬಿಚ್ಚಿ ಕ್ಯಾಬಿನ್ನಿನೊಳಗೆ ಇಟ್ಟಿದ್ದ.

ಹುಳದ ಮನೆ

ಅವರಲ್ಲಿ ಒಬ್ಬ ವಿದುಷಿ, ಸದ್ದು ಸಂಗ್ರಹಿಸೋದೇ ಆಕೆಯ ಕಲೆ. ರೇಷ್ಮೆಹುಳ ಸೊಪ್ಪು ತಿನ್ನೋ ಸದ್ದು ಬೇಕು ಅಂದಳು. ನಮ್ಮನೇಲೇ ಹುಳ ಇದೆ ಅಂತ ದೊಡ್ಡಸ್ತಿಕೆಯಿಂದ ಕರೆದುಕೊಂಡು ಹೋದೆ.

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಹುಳ ಪೊರೆ ಬಿಡೋಕೆ ಮಲಗೋದನ್ನ ನಮ್ಮಲ್ಲಿ ಜ್ವರ ಅಂತೀವಿ. ಈ ಸಲದವು ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಮೇಯ್ತಾ ಇದ್ದವು. ವಿದುಷಿಯೋ ಕತ್ತಿನಿಂದ ಪಾದದವರೆಗೆ ಸೊಳ್ಳೆ ಕ್ರೀಮು ಬಳಿದುಕೊಂಡಿದ್ದಳು.

"ಆಯಮ್ಮ ಆ ಕ್ರೀಮು ಬಳ್ಕೊಂಡು ಒಳಗೆ ಬಂದ್ರೆ ನನ್ನ ಹುಳ ಉಳಿಯಲ್ಲ" ಅಂದಳು ಹೆಂಡತಿ.

"ಮೈಕು ಮಾತ್ರ ಇಡ್ತೀನಿ ಕಣೇ."

ಮೈಕಿಗೂ ಕ್ರೀಮು ಹತ್ತಿದೆಯೋ ಅಂತ ಮೂಸಿ ನೋಡಿದಳು. "ನಾನು ಒಳಗೆ ಏನಾದ್ರೂ ಮಾತಾಡಿದ್ರೆ?"

"ಇದು ಹುಳದ ಸದ್ದು ಮಾತ್ರ ಹಿಡಿಯೋದು. ಫಾರಿನ್ನು" ಅಂದೆ. ನನಗೇನು ಗೊತ್ತಿತ್ತು? ಗೊತ್ತಿಲ್ಲ ಅನ್ನೋಕೆ ಮೇಷ್ಟ್ರಿಗೆ ಬಾಯಿ ಬರಬೇಕಲ್ಲ. ಅವತ್ತೆಲ್ಲ ವಿದುಷಿ ಬೀದಿಯಾಚೆ ಹುಣಸೆಮರದ ಕೆಳಗೆ, ಮೈಕು ಒಳಗೆ ಹುಳದ ಪಕ್ಕದಲ್ಲಿ.

ಹತ್ತು ನಿಮಿಷ

ಕೊನೇ ದಿನ ಹುಳ ಹಣ್ಣಾಗಿ, ಮೇವು ಬಿಟ್ಟು, ಬಿದಿರಿನ ಚಂದ್ರಿಕೆ ತಟ್ಟೆಯಲ್ಲಿ ಗೂಡು ಕಟ್ತಾ ಇದ್ದವು. ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದು ಎರಡನೇ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ಹೆಡ್ಮಾಸ್ಟರು. ನಾನು ಚಿತ್ರಗಳನ್ನ ಸುರುಳಿ ಸುತ್ತಿಕೊಂಡು ಕಾಯ್ತಿದ್ದೆ. ಸಂಘಟಕರು ಬಂದು, "ಟೈಮಿಲ್ಲ ಸಾರ್. ನಿಮ್ಮ ಹತ್ತು ನಿಮಿಷ ಹುಳದ ಸದ್ದಿಗೆ ಕೊಟ್ಟಿದ್ದೀವಿ. ಹೇಗೂ ನಿಮ್ಮನೇದೇ ಅಲ್ವಾ, ವೇದಿಕೆ ಮೇಲೆ ಬಂದು ಕೂತ್ಕೊಳ್ಳಿ" ಅಂದರು. ಸುರುಳಿಯನ್ನ ಕಂಕುಳಿಗೆ ಸಿಕ್ಕಿಸಿಕೊಂಡೆ. ಹೋಗಿ ಕೂತೆ.

ದೀಪ ಆರಿಸಿದರು. ದೊಡ್ಡ ದೊಡ್ಡ ಸ್ಪೀಕರುಗಳಿಂದ ಚರಚರ ಚರಚರ ಅಂತ ಸೊಪ್ಪು ಮೇಯೋ ಸದ್ದು. ವಿದೇಶದವರೆಲ್ಲ ಕಣ್ಣು ಮುಚ್ಚಿದರು. ಆ ಸದ್ದಿನ ನಡುವೆ ನನ್ನ ಹೆಂಡತಿಯ ದನಿ ಎದ್ದಿತು.

"ತಿನಂಡಿ ನಾಯನಾ, ತಿನ್ನಿ. ನೀವಾದ್ರೂ ಇಪ್ಪತ್ತೈದು ದಿನ ತಿಂದು ಒಂದು ಗೂಡು ಕಟ್ತೀರ. ನಮ್ಮನೇಲಿ ಒಬ್ರು ಇಪ್ಪತ್ತು ವರ್ಷದಿಂದ ತಿಂತಾವ್ರೆ, ಒಂದು ಎಳೆ ಬಿಟ್ಟಿಲ್ಲ. ಗೋಡೆ ಮೇಲೆ ನವಿಲು ಬರೆದ್ರು, ನೋಡ್ದೋರೆಲ್ಲ ಕೋಳಿ ಚೆನ್ನಾಗೈತೆ ಅಂದ್ರು. ನಾನು ಸುಮ್ಕಿದ್ದೆ. ಈಗ ಸ್ಟೇಜ್ ಮೇಲೆ ಕರೀತಾರಂತೆ. ಕರೀಲಿ ನಾಯನಾ. ಕರೀದೇ ಹೋದ್ರೆ ಆ ಮುಖ ನನ್ನ ಕೈಲಿ ನೋಡೋಕಾಗಲ್ಲ."

ಕೋಲಾರದವರೆಲ್ಲ ಬಿದ್ದು ಬಿದ್ದು ನಕ್ಕರು, ಹೆಡ್ಮಾಸ್ಟರು ಎಲ್ಲರಿಗಿಂತ ಜೋರಾಗಿ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೀಪ ಹತ್ತಿದ ಮೇಲೆ ಸಭೆಯ ಅಧ್ಯಕ್ಷರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಆಕೆ ಹೇಳಿದ್ದನ್ನ ಅನುವಾದಿಸಿ ಅಂದರು.

"ಹುಳಗಳಿಗೆ ಚೆನ್ನಾಗಿ ತಿನ್ನಿ ಅಂತಾಳೆ" ಅಂದೆ.

"ಅಷ್ಟು ಹೊತ್ತು ಮಾತಾಡಿದರಲ್ಲ?"

"ಪೂರ್ತಿ ಹೇಳಿ ಮೇಷ್ಟ್ರೇ" ಅಂತ ಕೆಳಗಿನಿಂದ ಹೆಡ್ಮಾಸ್ಟರು ಕೂಗಿದರು.

ಹೇಳಿದೆ. ಗೂಡು, ಎಳೆ, ನವಿಲು, ಕೋಳಿ, ಒಂದೂ ಬಿಡಲಿಲ್ಲ, ಆ ಗಂಡ ನಾನೇ ಅನ್ನೋದೊಂದು ಬಿಟ್ಟು. ಕೊನೇ ಮಾತನ್ನ ಎರಡನೇ ಸಾಲಿನ ಸೆರಗಿನ ಕಡೆ ನೋಡಿಕೊಂಡೇ ಹೇಳಿದೆ. ಮುಂದಿನ ಸಾಲಿನ ಒಬ್ಬ ಮುದಿ ವಿದ್ವಾಂಸರು ಎದ್ದು ಕನ್ನಡಕ ಒರೆಸಿಕೊಳ್ಳುತ್ತಾ ಬಹಳ ಗಂಭೀರವಾಗಿ ಕೇಳಿದರು:

"ಹೆಂಡತಿ ಮನಸ್ಸಿನಲ್ಲಿ ಇಷ್ಟೆಲ್ಲ ಇದೆ ಅನ್ನೋದು ಆ ಗಂಡನಿಗೆ ಗೊತ್ತೇ?"

"ಈಗ ತಾನೇ ಗೊತ್ತಾಯ್ತು ಸಾರ್" ಅಂದೆ.