ನೈಸ್ ಅಂದರೆ ಯಾವ ನೈಸ್?

ಒಂದು ಇಂಗ್ಲಿಷ್ ಶಬ್ದದ ಮೇಲೆ ವರ್ಷವಿಡೀ ಸಿಟ್ಟಾದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಮನೆಯಲ್ಲೇ ಉಂಡಿದ್ದೇನೆ!

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಶಹಾಬಾದಿಗೆ ಶಾಲಾ ಮಾಸ್ತರನಾಗಿ ಬಂದ ನಾನು ಸೋದರಮಾವನ ಮನೆಯಲ್ಲಿದ್ದೆ. ಮಾಮಾ ಕಲ್ಲು ಕೊಯ್ಯುವ ಕಾರ್ಖಾನೆಯೊಂದರ ಗುಮಾಸ್ತ. ಅಲ್ಲಿಗೆ ಹೊಸ ಯಂತ್ರ ಕೂಡಿಸಲು ನಾರ್ವೆ ದೇಶದ ಇಂಜಿನಿಯರ್ ಒಬ್ಬ ಬಂದ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನ ಮಾತು ಉಳಿದವರಿಗೆ ತಿಳಿಸುವ ಕೆಲಸ ಮಾಮಾನ ತಲೆಗೆ ಬಿತ್ತು. ಹಟಮಾರಿ ಮಾಮಾ ಆ ಭಾಷೆಯನ್ನೇ ಕಲಿಯಲು ಕುಳಿತ!

"ನೈಸ್‌ಗೆ ನಿಮ್ಮಲ್ಲಿ ಏನಂತೀರಿ?" ಎಂದು ಕೇಳಿದ್ದೇ ತಪ್ಪಾಯಿತು.

"ಯಾವ ನೈಸ್?" ಎಂದ ಅವನು. ಊಟಕ್ಕಾದರೆ 'ಗೊಟ್', ಹವೆಗಾದರೆ 'ಫಿಂಟ್', ಮನುಷ್ಯನಿಗಾದರೆ 'ಸ್ನಿಲ್' ಅಂತೆ!

ಮನೆಗೆ ಬಂದವನೇ ಮಾಮಾ ರುಮಾಲು ಒಗೆದ. "ರೊಟ್ಟಿಗೂ ನೈಸ್, ಬಿಸಿಲಿಗೂ ನೈಸ್! ಈ ಇಂಗ್ಲಿಷಿನವರು ಜಗತ್ತಿಗೇ ಟೋಪಿ ಹಾಕ್ಯಾರ!"

"ನೀವಂತೂ ಯಾವುದಕ್ಕೂ ಛಲೋ ಅಂದೇ ಇಲ್ಲಲ್ರಿ," ಎಂದಳು ಅತ್ತಿ, ರೊಟ್ಟಿ ಬಡಿಯುತ್ತ.

ಒಂದು ಭಾನುವಾರ ಇಂಜಿನಿಯರನನ್ನು ಊಟಕ್ಕೆ ಕರೆದದ್ದಾಯಿತು. ರೊಟ್ಟಿ, ಪುಂಡಿಪಲ್ಯ ಉಣ್ಣುವ ನಡುವೆ ಮಾಮಾ ಅವನ ಬೆನ್ನು ತಟ್ಟಿ, "ಯೂ ವೆರಿ ಗೊಟ್!" ಎಂದ.

ಅವನು ಬಿದ್ದು ಬಿದ್ದು ನಕ್ಕ. "ನಾನು ಅಷ್ಟು ರುಚಿಯಾಗಿದ್ದೇನೆಯೇ?"

ತನ್ನ ಮೇಲೆ ತಾನೇ ಸಿಟ್ಟಾದ ಮಾಮಾ ಅಂದು ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ನಗು ನಿಂತದ್ದು ಯಂತ್ರದ ಚಕ್ರ ತಿರುಗಿಸುವ ಪಟ್ಟಾ ಕಲ್ಲಿನ ಧೂಳಿಗೆ ಸವೆದಾಗ. ಅದು ಹರಿದರೆ ಎದುರು ನಿಂತ ಆಳಿನ ಜೀವ ಹೋಗುತ್ತದೆ ಎಂದು ಇಂಜಿನಿಯರ್ ಮಾಲೀಕನನ್ನು ಕರೆದು ತೋರಿಸಿದ; ಮಾಮಾ ಬಿಡಿಸಿ ಹೇಳಿದ. ಖರ್ಚು ತಪ್ಪಿಸಿಕೊಳ್ಳಲು ಮಾಲೀಕ ಹಲ್ಲು ಕಿರಿದು, "ನೈಸ್, ವೆರಿ ನೈಸ್!" ಎಂದು ಹೊರಟೇಬಿಟ್ಟ. ಪಾಪ, ಇಂಜಿನಿಯರ್ ಏನೂ ತಿಳಿಯದೆ ಮಾಮಾನ ಮುಖ ನೋಡಿದ.

ಮಾಮಾ ಬಾಗಿಲಿಗೆ ಅಡ್ಡ ನಿಂತ. "ಯಾವ ನೈಸ್ರೀ ಸಾಹೇಬ್ರ? ಪಟ್ಟಾ ಹರಿಯೋದು ನೈಸೋ, ಮಂದಿ ಸಾಯೋದು ನೈಸೋ? ಅಂಥಾ ಮಾತು ಇವನ ಭಾಷಾದಾಗಿಲ್ಲ! ಪಟ್ಟಾ ಬದಲಿ ಮಾಡ್ತೀರೋ ಇಲ್ಲೋ, ಅಷ್ಟು ಹೇಳ್ರಿ!"

"ಯಾರ ಮುಂದ ಮಾತಾಡ್ಲಿಕತ್ತಿ? ನೌಕರಿ ಬ್ಯಾಡೇನು ನಿನಗ?"

"ಬ್ಯಾಡ! ಪಟ್ಟಾ ಬೇಕು!"

ಆಳುಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ಮಾಮಾನ ಹಿಂದೆ ನಿಂತರು. ಹೊಸ ಪಟ್ಟಾ ಬರುವವರೆಗೆ ಯಂತ್ರ ತಿರುಗಲಿಲ್ಲ. ಮಾಮಾನ ನೌಕರಿಯೂ ಉಳಿಯಿತು. ಆ ಪರದೇಶಿಯ ಜೊತೆ ಮಾತಾಡಲು ಮತ್ತಾರಿದ್ದರು?

ಕೆಲಸ ಮುಗಿಸಿ ಊರಿಗೆ ಹೊರಟ ಇಂಜಿನಿಯರನನ್ನು ಕಳಿಸಲು ವಾಡಿ ಜಂಕ್ಷನ್ನಿಗೆ ಹೋದೆವು. ಮಾಮಾ ಅವನನ್ನು ದಾರಿಯುದ್ದಕ್ಕೂ ಬೈದ: ಬುತ್ತಿಯ ಗಂಟು ಸಡಿಲಾಗಿದೆ, ಬಿಸಿಲಲ್ಲಿ ಬರಿತಲೆಯಲ್ಲಿದ್ದಾನೆ. ಅಷ್ಟರಲ್ಲಿ ಗಾಡಿ ಬಂತು. ಇಂಜಿನಿಯರ್ ತಬ್ಬಿಕೊಂಡು ಬಿಟ್ಟಾಗ ಮಾಮಾ ಅವನ ಬುತ್ತಿಯ ಗಂಟನ್ನು ತಾನೇ ಬಿಗಿದು ಕಟ್ಟಿದ.

ಗಾಡಿ ಕದಲಿದ ಮೇಲೆ, ಧೋತರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ಸ್ಟೇಶನ್ ಮಾಸ್ತರನ ಮೇಲೆ ಹರಿಹಾಯ್ದ:

"ಏನ್ರೀ ನೀವು! ದಿನಾ ತಡಾ ಮಾಡೋ ಗಾಡಿ ಇವತ್ತೇ ಯಾಕ ವ್ಯಾಳ್ಯಾಕ್ಕ ಬಂತು?"