ಸಂತ ಮಾರ್ಟಿನ್‌ಗೆ ಹೊತ್ತ ದೀಡ ನಮಸ್ಕಾರ

ದೇವರಿಗೆ ಹೆದರುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಪರದೇಶದ, ಪರಧರ್ಮದ, ನನ್ನ ಗುರುತು ಪರಿಚಯ ಒಂದೂ ಇಲ್ಲದ ಸಂತನೊಬ್ಬನಿಗೆ ಹೆದರಿ ನಿದ್ದೆಗೆಟ್ಟವನು ನ್ಯೂಯಾರ್ಕಿನ ಆಚೆಯ ನಮ್ಮ ವೆಸ್ಟ್ ವಿಂಡ್ಸರಿನಲ್ಲಿ ನಾನೊಬ್ಬನೇ ಇರಬೇಕು. ಹುಟ್ಟಿನಿಂದಲೇ ನಾನು ಪುಕ್ಕಲ. ಲಿಫ್ಟು ಒಂದು ಕ್ಷಣ ತಡೆದು ಬಾಗಿಲು ತೆರೆದರೆ ಮನೆದೇವರ ಹೆಸರು ಬಾಯಿಗೆ ಬರುತ್ತದೆ. ಒಗ್ಗರಣೆ ಹಾಕುವಾಗ ಸ್ಮೋಕ್ ಅಲಾರ್ಮ್ ಕೂಗಿದರೆ ಹೆಂಡತಿ ಟವೆಲ್ ಬೀಸುತ್ತಾಳೆ, ನಾನು ಅಂಗಳದಲ್ಲಿರುತ್ತೇನೆ. ಇಂಥವನು ಫ್ರಾನ್ಸಿನ ಗುಡ್ಡದ ದಾರಿಯಲ್ಲಿ ಬಾಡಿಗೆ ಕಾರು ಓಡಿಸಲು ಹೊರಟದ್ದೇ ತಪ್ಪು.

ಮಗಳು ಅನಘಾ ಸ್ಕೂಲಿನಲ್ಲಿ ಫ್ರೆಂಚ್ ಕಲಿಯುತ್ತಾಳೆ ಎಂಬ ಒಂದೇ ಧೈರ್ಯದ ಮೇಲೆ ಈ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆವು. ಒಂದು ತಿರುವಿನಲ್ಲಿ ಮಂಜು ಕವಿದು, ಕಾರಿನ ಹಿಂದಿನ ಚಕ್ರ ರಸ್ತೆ ಬಿಟ್ಟು ಇಳಿಯಿತು. ಕೆಳಗೆ ಕಣಿವೆ. ಎದುರಿಗೆ ಯಾವುದೋ ಹಳ್ಳಿಯ ಹೆಸರಿನ ಹಲಗೆ. ಸೇಂಟ್ ಮಾರ್ಟಿನ್ ಎಂಬಷ್ಟು ಕಾಣುತ್ತಿತ್ತು, ಮುಂದಿನದು ಮಂಜಿನಲ್ಲಿತ್ತು. ನಾನು ಹಾವೇರಿ ಕಡೆಯವನು. ಜೀವ ಬಾಯಿಗೆ ಬಂದಾಗ ನಮ್ಮ ಕಡೆ ಹೊರುವ ಹರಕೆಯೆಂದರೆ ದೀಡ ನಮಸ್ಕಾರ: ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಕೈ ಮುಟ್ಟಿದಲ್ಲಿಂದ ಮತ್ತೆ ಬೀಳುತ್ತ ಗುಡಿ ಸುತ್ತುವುದು. "ಮಾರ್ಟಿನಪ್ಪಾ, ನನ್ನ ಮಗಳನ್ನ ಉಳಿಸು, ನಿನ್ನ ಗುಡಿಗೆ ದೀಡ ನಮಸ್ಕಾರ ಹಾಕ್ತೀನಿ" ಎಂದು ಗಟ್ಟಿಯಾಗಿಯೇ ಕೂಗಿಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಟ್ರ್ಯಾಕ್ಟರಿನವನೊಬ್ಬ ಬಂದು ಕಾರನ್ನು ಎಳೆದು ಮೇಲಕ್ಕೆ ಹಾಕಿದ. ನಾನು ಹರಕೆಯ ಮಾತೆತ್ತದೆ, ಬದುಕಿದೆಯಾ ಬಡಜೀವವೇ ಎಂದು ವಿಮಾನ ಹತ್ತಿದೆ.

ಸುಖವಾಗಿ ಮರೆತಿದ್ದೆ. ಆದರೆ ಶರತ್ಕಾಲಕ್ಕೆ ಅನಘಾಳಿಗೆ ಡ್ರೈವಿಂಗ್ ಲೈಸೆನ್ಸ್ ಬಂತು. ಒಬ್ಬಳೇ ಕಾರು ತೆಗೆದುಕೊಂಡು ಹೋಗುತ್ತೇನೆ ಎಂದು ಕೀ ಕೇಳಿದ ದಿನ ನನಗೆ ಮಾರ್ಟಿನಪ್ಪ ನೆನಪಾದ. ಅವಳ ತಲೆ ಕಾಯ್ದ ಸಂತನಿಗೆ ನಾನು ಕೊಟ್ಟ ಮಾತು ಹಾಗೇ ಉಳಿದಿದೆಯಲ್ಲ! ನಮ್ಮೂರ ಹೆದ್ದಾರಿ ರೂಟ್ ಒನ್‌ನಲ್ಲಿ ಓಡುವ ಲಾರಿಗಳೆಲ್ಲ ಸಂತನ ಕಡೆಯವರಂತೆ ಕಾಣತೊಡಗಿದವು. ಏನೇನೋ ನೆಪ ಹೇಳಿ, ಕೀ ಬಚ್ಚಿಟ್ಟು ದಿನ ತಳ್ಳಿದೆ. ಹೆಂಡತಿ ಸುಮಿತ್ರಾ ಮಾತ್ರ, "ಹೊತ್ತಾವ್ರು ನೀವು, ತೀರಸಾವ್ರೂ ನೀವ. ಹುಡುಗೀನ್ನ ಯಾಕ ಕಟ್ಟಿ ಹಾಕ್ತೀರಿ?" ಎಂದಳು.

ತೀರಿಸೋಣವೆಂದರೆ ಎಲ್ಲಿ? ಮ್ಯಾಪ್ ತೆಗೆದು ನೋಡಿದರೆ ಫ್ರಾನ್ಸಿನ ತುಂಬ ಸೇಂಟ್ ಮಾರ್ಟಿನ್‌ಗಳೇ. ನಮ್ಮಲ್ಲಿ ಊರಿಗೊಬ್ಬ ಹನುಮಪ್ಪನಿದ್ದ ಹಾಗೆ. ನಾವು ಹೋದ ದಾರಿಯಲ್ಲೇ ಆ ಹೆಸರಿನ ಹಳ್ಳಿಗಳು ಹಲವು. "Appa, you don't even know which one," ಎಂದು ಅನಘಾ ನಕ್ಕಳು. ನನಗೆ ನಗು ಬರಲಿಲ್ಲ. ಪಕ್ಕದ ಮನೆಯ ಮದಾಂ ಕೋಲೆತ್ ಫ್ರಾನ್ಸಿನಲ್ಲಿ ಹುಟ್ಟಿ ಬೆಳೆದ ಮುದುಕಿ. ಬೇಲಿಯ ಆಚೆಯಿಂದ ಆಕೆಯನ್ನೇ ವಿಚಾರಿಸಿದೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟವನು ಈ ಸಂತ, ಕಾಟ ಕೊಡುವ ಪೈಕಿ ಅಲ್ಲ ಎಂದರು. ನವೆಂಬರ್ ಹನ್ನೊಂದು ಅವನ ಹಬ್ಬ, ಅವತ್ತು ಅವರ ಊರಲ್ಲಿ ಹೆಬ್ಬಾತಿನ ಅಡುಗೆಯಂತೆ. "ಅವನ ಹೆಸರಿನ ಎಲ್ಲ ಚರ್ಚಿನಲ್ಲೂ ಇರುವವನು ಅವನೊಬ್ಬನೇ. ಹತ್ತಿರದ್ದಕ್ಕೆ ಹೋಗು," ಎಂದರು. ನಮ್ಮ ಕೌಂಟಿಯ ಆಚೆ ಅದೇ ಸಂತನ ಒಂದು ಚರ್ಚು ಸಿಕ್ಕಿತು.

ಹಬ್ಬದ ದಿನ ಇಳಿಹೊತ್ತಿಗೆ ಹೊರಟೆ. ಸುಮಿತ್ರಾ ಎಂದಿನಂತೆ ಟ್ರೈನಿನಲ್ಲಿ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗಿದ್ದಳು. ಸಂತನ ಎದುರಿಗೆ ಹೋಗುವಾಗ ಸ್ಟಿಯರಿಂಗ್ ಹಿಡಿಯುವ ಧೈರ್ಯವಾಗದೆ ಕಾರು ಮನೆಯಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋದೆ. ಚರ್ಚಿನ ಪಾರ್ಕಿಂಗ್ ಲಾಟ್ ಖಾಲಿ ಇತ್ತು. ಜಾಕೆಟ್ ಕಳಚಿ, ಕೈ ಮುಗಿದು, ತಣ್ಣನೆಯ ಡಾಂಬರಿನ ಮೇಲೆ ಉದ್ದಕ್ಕೆ ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬಳು ನೋಡಿದ್ದು, ಎಷ್ಟು ಸಲ ಎದ್ದರೂ ಮುಗ್ಗರಿಸಿ ಬೀಳುತ್ತಿರುವ ಬೋಳುತಲೆಯ ಗಂಡಸನ್ನು. ಆಕೆ ಕೂಡಲೇ ಫೋನ್ ಮಾಡಿದಳು. ನಾನು ಮೂಲೆ ತಿರುಗುವ ಮೊದಲೇ ಆಂಬುಲೆನ್ಸ್ ಬಂತು. ಅವರು ಬಿ.ಪಿ. ನೋಡಿದರು; ಹೆದರಿಕೆಗೆ ಅದು ಆಕಾಶ ಮುಟ್ಟಿತ್ತು. ಇದು ನಮ್ಮ ಪದ್ಧತಿ ಎಂದು ನಾನು ಬಿಡಿಸಿ ಹೇಳಿದಷ್ಟೂ ಅವರ ಮುಖ ಗಂಭೀರವಾಯಿತು. ನನ್ನದೇ ಫೋನಿನಿಂದ ಮನೆಗೆ ಕರೆ ಮಾಡಿ, "ನಿಮ್ಮ ತಂದೆ ಕುಸಿದು ಬಿದ್ದಿದ್ದಾರೆ," ಎಂದು ಹೇಳಿಯೇಬಿಟ್ಟರು.

ಫೋನ್ ಎತ್ತಿದವಳು ಅನಘಾ. ಕೀ ಎಲ್ಲಿ ಬಚ್ಚಿಟ್ಟಿದ್ದೇನೆಂದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಯಾವ ದಾರಿಗೆ ಹೆದರಿ ಇಷ್ಟೆಲ್ಲ ಹೊರಳಾಡಿದೆನೋ ಅದೇ ರೂಟ್ ಒನ್‌ನಲ್ಲಿ, ಆಫೀಸು ಬಿಡುವ ಹೊತ್ತಿನಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ ಒಬ್ಬಳೇ ಬಂದಳು. ಅವಳನ್ನು ಆ ದಾರಿಗೆ ಇಳಿಸಿದವನು ನಾನೇ ಆದೆ. ಬೈಯುತ್ತಾಳೆಂದುಕೊಂಡಿದ್ದೆ. "Appa, I thought you were dead," ಎಂದು ನನ್ನ ಶರ್ಟಿಗೆ ಅಂಟಿದ್ದ ಮಣ್ಣು ಕೊಡವತೊಡಗಿದಳು. ಮಣ್ಣು ಹೋದ ಮೇಲೂ ಕೊಡವುತ್ತಲೇ ಇದ್ದಳು. ಹೆದರಿಕೆ ನನ್ನೊಬ್ಬನ ಆಸ್ತಿ ಎಂದು ಇಷ್ಟು ವರ್ಷ ತಿಳಿದಿದ್ದ ನನಗೆ ತುಂಬ ನಾಚಿಕೆಯಾಯಿತು. ವಾಪಸು ಅವಳೇ ಓಡಿಸಿದಳು. ನಾನು ಬೇಡ ಎನ್ನಲಿಲ್ಲ.

ರಾತ್ರಿ ಸುಮಿತ್ರಾ ಬಂದು ಎಲ್ಲ ಕೇಳಿಸಿಕೊಂಡು, ತಲೆ ಚಚ್ಚಿಕೊಂಡು, ಕೊನೆಗೆ ಕೇಳಿದಳು: "ಮತ್ತ, ಕಾರು ಹ್ಯಾಂಗ ಓಡಿಸಿದ್ಲು?"

"ಭಾಳ ಛಲೋ ಓಡಿಸಿದ್ಲು," ಎಂದೆ. ಅನಘಾ ಹೆಮ್ಮೆಯಿಂದ ನನ್ನತ್ತ ನೋಡಿದಳು. ಚರ್ಚಿನಿಂದ ಮನೆಯ ಗ್ಯಾರೇಜಿನವರೆಗೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ ಎಂಬುದನ್ನು ಅವಳಿಗೆ ಹೇಳುವವರು ಯಾರು?